ತೂಬು ನೀರುಗಂಟಿಯದು, ಕೋಡಿ ಮಳೆಯದು

ಮಳೆಗಾಲ ಶುರುವಾದರೆ ಭೀಮಾ ದಂಡೆಯ ಅಫಜಲಪುರದಿಂದ ನನ್ನ ಹೆಂಡತಿಯ ಅಣ್ಣನ ಫೋನ್ ಬಂದೇ ಬರುತ್ತದೆ. ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲ ಮಾತೇ, "ಏನ್ರೀ, ನಿಮ್ಮ ಪುಣೆದವ್ರು ಮತ್ತ ನೀರು ಬಿಟ್ಟಾರಂತ?" ಪುಣೆಯ ಖಡಕವಾಸ್ಲಾ ಅಣೆಕಟ್ಟೆಗೆ ಹೋಗಿ ನಾನೇ ಗೇಟು ಎತ್ತಿ ಬಂದವನ ಹಾಗೆ ಕೇಳುತ್ತಾರೆ. ಇತ್ತ ಸಿಂಹಗಡ ರಸ್ತೆಯ ನಮ್ಮ ಸೊಸೈಟಿಯಲ್ಲಿ ತಕರಾರು ಬೇರೆ. ಒಮ್ಮೆಲೇ ಇಷ್ಟು ನೀರು ಯಾಕೆ ಬಿಟ್ಟರು, ನಾಲ್ಕು ದಿನ ಮೊದಲೇ ಸ್ವಲ್ಪ ಸ್ವಲ್ಪ ಬಿಡಬಾರದಿತ್ತಾ ಅಂತ. ಇದೇ ಜನ ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುತ್ತಾ ನಿಂತಾಗ, ಮಳೆಗಾಲದಲ್ಲಿ ಅಷ್ಟೊಂದು ನೀರು ಸುಮ್ನೆ ಹೊಳೆಗೆ ಹರಿಸಿಬಿಟ್ಟರಲ್ಲ ಎಂದು ಬೈಯುತ್ತಾರೆ. ನಾನೂ ಬೈದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೂರೂ ದೂರುಗಳ ಕೆಳಗೆ ಒಂದೇ ನಂಬಿಕೆ ಇದೆ. ನೀರಿನ ಮಟ್ಟ ಎಲ್ಲಿರಬೇಕು ಅಂತ ಗೇಟಿನ ಹತ್ತಿರ ಕೂತವರು ತೀರ್ಮಾನ ಮಾಡುತ್ತಾರೆ, ಅವರು ಸರಿ ಇದ್ದರೆ ಎಲ್ಲವೂ ಸರಿ ಇರುತ್ತದೆ ಅನ್ನುವುದು. ಇದು ಎಷ್ಟು ನಿಜ ಎಂದು ನೋಡಲು ನಾನು ಒಂದೆರಡು ಮಳೆಗಾಲ ದಿನಾ ಬೆಳಿಗ್ಗೆ ನೀರಿನ ಅಂಕಿಗಳನ್ನು ಬರೆದಿಟ್ಟುಕೊಂಡೆ. ನಡುವೆ ಒಂದು ಮಾತು. ಇಲ್ಲಿನ ಮರಾಠಿಯಲ್ಲಿ ಅಣೆಕಟ್ಟೆಯಿಂದ ನೀರು ಬಿಡುವುದಕ್ಕೆ 'ವಿಸರ್ಗ' ಅನ್ನುತ್ತಾರೆ. ಹೊಸದಾಗಿ ಬಂದಾಗ "ಖಡಕವಾಸ್ಲಾದಿಂದ ವಿಸರ್ಗ ಹೆಚ್ಚಿಸಿದ್ದಾರೆ" ಎಂಬ ಸುದ್ದಿ ಓದಿ ನನಗೆ 'ದುಃಖ'ದ ನಡುವಿನ ಎರಡು ಸೊನ್ನೆಗಳೇ ಕಣ್ಣ ಮುಂದೆ ಬಂದಿದ್ದವು. ಮನೆಯೊಳಗೆ ನೀರು ನುಗ್ಗಿದವರಿಗೆ ಎರಡೂ ಒಂದೇ ಇರಬಹುದು.

ನಾನು ಹುಟ್ಟಿದ್ದು ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ. ಊರ ಮುಂದೆ ಕೆರೆ. ಕೆರೆಗೆ ನೀರು ಹೊರಗೆ ಹೋಗಲು ಎರಡು ದಾರಿ ಇರುತ್ತದೆ ಅಂತ ಕೆರೆ ನೋಡಿದ ಯಾರಿಗಾದರೂ ಗೊತ್ತು. ಒಂದು ತೂಬು. ಅದನ್ನು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸ. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವನೇ ಲೆಕ್ಕ ಇಟ್ಟಿರುತ್ತಾನೆ. ಇನ್ನೊಂದು ಕೋಡಿ. ಅದಕ್ಕೆ ಬಾಗಿಲೂ ಇಲ್ಲ, ಕಾವಲುಗಾರನೂ ಇಲ್ಲ. ಕೆರೆ ಆ ಮಟ್ಟಕ್ಕೆ ತುಂಬಿತು ಅಂದರೆ ಕೋಡಿ ಬೀಳುತ್ತದೆ, ಆಮೇಲೆ ಮೇಲಿನಿಂದ ಎಷ್ಟು ಬರುತ್ತದೋ ಅಷ್ಟೇ ಕೆಳಗೆ ಹೋಗುತ್ತದೆ. ಕೋಡಿ ಬಿದ್ದ ದಿನ ನೀರುಗಂಟಿ ನಮ್ಮ ಜೊತೆಗೇ ಏರಿಯ ಮೇಲೆ ನಿಂತು ನೋಡುತ್ತಿದ್ದ. ಅವತ್ತು ಅವನಿಗೆ ಮಾಡಲು ಬೇರೆ ಕೆಲಸ ಇರಲಿಲ್ಲ.

ದೊಡ್ಡ ಅಣೆಕಟ್ಟೆಯಲ್ಲೂ ಇವೇ ಎರಡು. ಕಾಲುವೆಗೆ ಬಿಡುವ ನೀರು, ಊರಿನ ಪೈಪಿಗೆ ಹೋಗುವ ನೀರು ತೂಬಿನ ಲೆಕ್ಕಕ್ಕೆ ಬರುತ್ತವೆ. ಕೋಡಿಯ ಜಾಗದಲ್ಲಿ ಕಬ್ಬಿಣದ ಗೇಟುಗಳಿವೆ, ಅಷ್ಟೇ ವ್ಯತ್ಯಾಸ. ಗೇಟು ಇರುವುದರಿಂದಲೇ ನಮಗೆ ಮೋಸ ಆಗುವುದು. ಗೇಟನ್ನು ಎತ್ತುವ ಮನುಷ್ಯ ಕಾಣುತ್ತಾನೆ, ಹಾಗಾಗಿ ನೀರು ಅವನು ಬಿಟ್ಟಿದ್ದು ಅನ್ನಿಸುತ್ತದೆ. ತುಂಬಿದ ಮೇಲೆ ಅದೂ ಕೋಡಿಯೇ.

ಇನ್ನು ಪುಣೆಯ ಲೆಕ್ಕಕ್ಕೆ ಬರೋಣ. ನಗರಕ್ಕೆ ನೀರು ಕೊಡುವುದು ನಾಲ್ಕು ಅಣೆಕಟ್ಟೆಗಳ ಒಂದು ಸರಪಳಿ. ಇಲ್ಲಿನವರು 'ಖಡಕವಾಸ್ಲಾ ಧರಣ ಸಾಖಳಿ' ಅನ್ನುತ್ತಾರೆ. ಮೇಲೆ ಮೂರು: ಮೋಸೆ ನದಿಗೆ ವರಸಗಾವ್, 12.82 ಟಿಎಂಸಿ. ಅಂಬಿ ನದಿಗೆ ಪಾನಶೇತ್, 10.65. ಮುಠಾ ನದಿಗೆ ಟೇಮಘರ್, 3.71. ಇವು ಮೂರರ ನೀರೂ ಕೆಳಗೆ ಬಂದು ಸೇರುವುದು ಖಡಕವಾಸ್ಲಾಕ್ಕೆ. ಅದರ ಬಳಕೆಯ ಸಂಗ್ರಹ ಬರೀ 1.97 ಟಿಎಂಸಿ. ನಾಲ್ಕೂ ಸೇರಿ 29.15. ಟಿಎಂಸಿ (ನೂರು ಕೋಟಿ ಘನ ಅಡಿ), ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಅಂದರೆ ಕನ್ನಡದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ, ಕಾವೇರಿ ನಮಗೆ ಅದನ್ನು ಮಗ್ಗಿಯ ಹಾಗೆ ಕಲಿಸಿದೆ. ಆದರೂ ಒಂದು ಗುಣಾಕಾರ ಮನಸ್ಸಿನಲ್ಲಿರಲಿ: ಒಂದು ಇಡೀ ದಿನ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ.

ನೋಡಿ, ಎಲ್ಲರೂ ಭಾನುವಾರ ಹೋಗಿ ದಂಡೆಯ ಮೇಲೆ ಕೂತು ಭಜಿ, ಸುಟ್ಟ ಜೋಳ ತಿಂದು ಬರುವ ಖಡಕವಾಸ್ಲಾ, ನೋಡಲು ಸಮುದ್ರದ ಹಾಗಿರುವ ಖಡಕವಾಸ್ಲಾ, ಸರಪಳಿಯ ಒಟ್ಟು ನೀರಿನಲ್ಲಿ ನೂರಕ್ಕೆ ಏಳು ಪಾಲು ಮಾತ್ರ. ಮೇಲಿನವು ಹಂಡೆಗಳು. ಇದು ಅವುಗಳ ಕೆಳಗಿಟ್ಟ ತಂಬಿಗೆ. ಆದರೆ ಊರಿಗೆ ಹತ್ತಿರದಲ್ಲಿ, ಮುಠಾ ನದಿ ನಗರದೊಳಗೆ ನುಗ್ಗುವ ಮೊದಲು ಸಿಗುವ ಕೊನೆಯ ಬಾಗಿಲು ಇದೇ. ಹಾಗಾಗಿ ಹೆಸರೂ ಇದಕ್ಕೆ, ಬೈಗುಳವೂ ಇದಕ್ಕೆ.

2024ರ ಜುಲೈ 25ರ ಬೆಳಗಿನ ಜಾವ ಖಡಕವಾಸ್ಲಾದಿಂದ ಸುಮಾರು 35,000 ಕ್ಯುಸೆಕ್ ನೀರು ಬಂದು ಸಿಂಹಗಡ ರಸ್ತೆಯ ಏಕತಾ ನಗರಿಯ ಕಡೆ ಮನೆಗಳಿಗೆ ನೀರು ನುಗ್ಗಿತು. ಜನ ನಿದ್ದೆಯಲ್ಲಿದ್ದರು. ಈ 35,000 ಅನ್ನುವ ಅಂಕಿಯನ್ನು ತಂಬಿಗೆಯ ಪಕ್ಕ ಇಟ್ಟು ನೋಡಿ. ದಿನಕ್ಕೆ ಮೂರು ಟಿಎಂಸಿ ಆಯಿತು. ಖಡಕವಾಸ್ಲಾ ಪೂರ್ತಿ ಖಾಲಿ ಇದ್ದರೂ ಆ ವೇಗದಲ್ಲಿ ನೀರು ಬಂದರೆ 16 ಗಂಟೆಯೊಳಗೆ ತುಂಬುತ್ತದೆ. ಆದರೆ ಅದನ್ನು ಪೂರ್ತಿ ಖಾಲಿ ಇಡುವುದು ಆಗದ ಮಾತು, ಊರಿಗೆ ಕುಡಿಯುವ ನೀರು ಹೋಗುವುದೇ ಅದರ ಮೂಲಕ. ಕಾಲು ಭಾಗ ಖಾಲಿ ಇಟ್ಟಿದ್ದರು ಅಂತಿಟ್ಟುಕೊಳ್ಳಿ. ನಾಲ್ಕು ಗಂಟೆ ಸಿಗುತ್ತದೆ. ಅರ್ಧ ಖಾಲಿ ಇಟ್ಟರೆ ಎಂಟು ಗಂಟೆ. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು.

"ಮೇಲೆ ಮೂರು ಹಂಡೆ ಇವೆಯಲ್ಲ, ಅವು ತಡೆಯಬಾರದಾ?" ಅಂತ ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅವು ತಡೆಯುತ್ತವೆ, ತಮ್ಮ ಹಿಂದೆ ಬಿದ್ದ ಮಳೆಯನ್ನು. ಆದರೆ ಆ ಮೂರು ಕಟ್ಟೆಗಳಿಗೂ ಖಡಕವಾಸ್ಲಾಕ್ಕೂ ನಡುವೆ ಗುಡ್ಡ, ಹಳ್ಳ, ಗದ್ದೆಗಳ ದೊಡ್ಡ ಜಾಗ ಇದೆ. ಅಲ್ಲಿ ಬಿದ್ದ ಮಳೆಗೆ ಯಾವ ಗೇಟೂ ಅಡ್ಡ ಇಲ್ಲ. ಪಾನಶೇತ್‌ನಲ್ಲಿ ಇನ್ನೂ ಜಾಗ ಇದ್ದರೂ, ವರಸಗಾವ್ ಒಂದು ಹನಿ ಬಿಡದಿದ್ದರೂ ಆ ನೀರು ನೇರವಾಗಿ ತಂಬಿಗೆಗೇ ಬರುತ್ತದೆ. "ಮೇಲಿನ ಧರಣ ತುಂಬಿಲ್ಲ, ಮತ್ತೆ ಇದ್ಯಾಕೆ ಬಿಡುತ್ತಾರೆ" ಎಂಬ ನಮ್ಮ ಲಿಫ್ಟಿನೊಳಗಿನ ಚರ್ಚೆಗೆ ಉತ್ತರ ಇದು.

ಮಳೆಯೂ ಎಲ್ಲ ಕಡೆ ಒಂದೇ ಅಲ್ಲ. ಪುಣೆ ನಗರದಲ್ಲಿ ವರ್ಷಕ್ಕೆ ಬೀಳುವುದು 700 ಮಿಲಿಮೀಟರ್ ಚಿಲ್ಲರೆ. ನಲವತ್ತು ಐವತ್ತು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ಸಹ್ಯಾದ್ರಿಯ ನೆತ್ತಿಯಲ್ಲಿ ಅದರ ಎಷ್ಟೋ ಪಟ್ಟು. ಟೇಮಘರ್ ಕಡೆ ಆಕಾಶ ಹರಿದು ಬೀಳುತ್ತಿದ್ದಾಗ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಮನೆ ಮುಂದೆ ಬರೀ ಜಿಟಿಜಿಟಿ, ಹೊಳೆಯಲ್ಲಿ ಪ್ರವಾಹ. ಇದನ್ನು ನೋಡಿದವರಿಗೆ ಗೇಟಿನವನ ಮೇಲೆ ಅನುಮಾನ ಬರುವುದು ಸಹಜ.

ಮಳೆ ಬಂದ ತಿಂಗಳೂ ಮುಖ್ಯ. ಜೂನ್‌ನಲ್ಲಿ ಘಟ್ಟದಲ್ಲಿ 100 ಮಿಲಿಮೀಟರ್ ಮಳೆಯಾದರೆ ಒಣಗಿದ ಮಣ್ಣು ಅದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ. ಅಣೆಕಟ್ಟೆಯ ಅಂಕಿ ಅಲ್ಲಾಡುವುದೇ ಇಲ್ಲ. ಮಳೆ ಚೆನ್ನಾಗಿದೆ, ನೀರು ಯಾಕೆ ಏರಿಲ್ಲ ಅಂತ ಜನ ಕೇಳುತ್ತಾರೆ. ಜುಲೈ ಕೊನೆಗೆ ಅದೇ ಮಣ್ಣು ಒದ್ದೆ ಸ್ಪಂಜಿನ ಹಾಗಿರುತ್ತದೆ. ಆಗ ಬಿದ್ದ ಅದೇ 100 ಮಿಲಿಮೀಟರ್ ಹೆಚ್ಚುಕಡಿಮೆ ಪೂರ್ತಿ ಜಾರಿ ಕೆಳಗೆ ಬರುತ್ತದೆ, ಅದೂ ಕೆಲವೇ ಗಂಟೆಗಳಲ್ಲಿ.

ಇಷ್ಟು ಹೇಳಿದೆ ಅಂತ ಗೇಟಿನವರ ತಪ್ಪೇ ಇರುವುದಿಲ್ಲ ಅನ್ನುತ್ತಿಲ್ಲ. ಯಾವ ತಾರೀಕಿಗೆ ಮಟ್ಟ ಎಷ್ಟಿರಬೇಕು ಎಂದು ಮೊದಲೇ ಬರೆದಿಟ್ಟ ಪಟ್ಟಿ ಇರುತ್ತದೆ, ರೂಲ್ ಕರ್ವ್ ಅಂತ. ಮಳೆಗಾಲದ ಶುರುವಿನಲ್ಲಿ ಜಾಗ ಬಿಟ್ಟುಕೊಂಡು, ಕೊನೆಗೆ ಬರುವ ಹೊತ್ತಿಗೆ ತುಂಬಿಸಿಕೊಳ್ಳುವುದು ಅದರ ಸಾರ. ಹೇಳಲು ಸುಲಭ. ಆದರೆ ಜುಲೈನಲ್ಲಿ ಜಾಗ ಬಿಟ್ಟು, ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ? ನಗರಕ್ಕೂ, ಮುಠಾ ಬಲದಂಡೆ ಕಾಲುವೆಯ ನೀರು ನಂಬಿ ಕೂತ ದೌಂಡ್, ಇಂದಾಪುರದ ರೈತರಿಗೂ ಮುಂದಿನ ಜೂನ್ ತನಕ ಈ ಹಂಡೆಗಳ ನೀರೇ ಗತಿ. ಹಾಗಾಗಿ ಹಂಡೆಗಳನ್ನು ಖಾಲಿ ಇಡಲು ಯಾರಿಗೂ ಧೈರ್ಯ ಬರುವುದಿಲ್ಲ, ಬರಬಾರದು ಕೂಡ. ತಂಬಿಗೆಯ ವಿಷಯ ಬೇರೆ. 29ರಲ್ಲಿ ಒಂದು ಟಿಎಂಸಿ ಮುಂಚಿತವಾಗಿ ಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅದರಿಂದ ಸಿಗುವ ಎಂಟು ಗಂಟೆಯಲ್ಲಿ ಪ್ರವಾಹ ನಿಲ್ಲುವುದಿಲ್ಲ ನಿಜ. ಆದರೆ ಬೆಳಗಿನ ಜಾವ ಮೂರಕ್ಕೆ ಬರುವ ನೀರು ಹಗಲು ಹನ್ನೊಂದಕ್ಕೆ ಬಂದರೆ ಅಜ್ಜಿಯನ್ನು ಎತ್ತಿಕೊಂಡು ಮಹಡಿ ಹತ್ತಬಹುದು, ಸ್ಕೂಟರ್ ಮೇಲಿನ ರಸ್ತೆಗೆ ಒಯ್ಯಬಹುದು. ಗೇಟಿನಿಂದ ನಾವು ಕೇಳಬೇಕಾದ್ದು ಇದನ್ನು ಅಂತ ನನ್ನ ಅಭಿಪ್ರಾಯ. ನೀರು ತಡೆಯಿರಿ ಅನ್ನುವುದಕ್ಕಿಂತ, ಹೊತ್ತು ಕೊಡಿ, ಹೇಳಿ ಬಿಡಿ ಅನ್ನುವುದು.

ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಮಾತಾಡುವುದೇ ಇಲ್ಲ. 35,000 ಕ್ಯುಸೆಕ್ ಅಂದರೆ ಹೊಳೆಯಲ್ಲಿ ಎಷ್ಟು ಎತ್ತರ? ಅದು ಹೊಳೆಯ ಅಗಲದ ಮೇಲಿದೆ. ಮಹಾರಾಷ್ಟ್ರದಲ್ಲಿ ನದಿಯ ಪಕ್ಕ ಎರಡು ಗೆರೆ ಎಳೆಯುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹಕ್ಕೆ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು. ನೀಲಿಯ ಒಳಗೆ ಎಷ್ಟು ಮನೆ, ಎಷ್ಟು ಮಣ್ಣು, ಎಷ್ಟು ಕಟ್ಟಡದ ಕಸ ಸುರಿದಿದೆ ಅಂತ ನದಿ ಪಕ್ಕ ಒಮ್ಮೆ ನಡೆದುಕೊಂಡು ಹೋದರೆ ಕಾಣುತ್ತದೆ. ಡೆಕ್ಕನ್ ಹತ್ತಿರದ ಭಿಡೆ ಪೂಲ್ ಮುಳುಗಿತಾ ಇಲ್ಲವಾ ಅನ್ನುವುದೇ ಪುಣೆಯವರ ಅಳತೆಗೋಲು. ಆ ಸೇತುವೆ ಎಷ್ಟು ತಗ್ಗಿನಲ್ಲಿದೆ ಎಂದರೆ ಅದು ಮುಳುಗದ ಮಳೆಗಾಲವೇ ಅಪರೂಪ.

ಕಟ್ಟೆ ತಡೆಯಲಾರದಷ್ಟು ನೀರು ಅದರ ಹಿಂದೆ ನಿಂತರೆ ಏನಾಗುತ್ತದೆ? ಪುಣೆಗೆ ಇದನ್ನು ಊಹಿಸಿಕೊಳ್ಳುವ ಅಗತ್ಯ ಇಲ್ಲ. 1961ರಲ್ಲಿ ಪಾನಶೇತ್ ಕಟ್ಟೆಯ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಆದರೂ ಆ ಮಳೆಗಾಲದಲ್ಲಿ ನೀರು ತುಂಬಿಕೊಂಡಿತು. ಮಣ್ಣಿನ ಕಟ್ಟೆ ಕುಸಿಯತೊಡಗಿತು. ಸೈನಿಕರು ರಾತ್ರಿಯಿಡೀ ಮರಳಿನ ಚೀಲ ಒಟ್ಟಿದರು. ಜುಲೈ 12ರ ಬೆಳಿಗ್ಗೆ ಕಟ್ಟೆ ಒಡೆಯಿತು. ಆ ನೀರು ಕೆಳಗಿದ್ದ ಖಡಕವಾಸ್ಲಾವನ್ನೂ ಒಡೆದುಕೊಂಡು ಊರೊಳಗೆ ಬಂತು. ಹಳೆಯ ಪೇಟೆಗಳಲ್ಲಿ ಅವತ್ತು ನೀರು ಎಲ್ಲಿತನಕ ಬಂದಿತ್ತು ಎಂದು ಗೋಡೆ ತೋರಿಸಿ ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ಆದ್ದರಿಂದ ಕಟ್ಟೆ ಉಳಿಯಬೇಕು ಅನ್ನುವುದು ಮೊದಲ ನಿಯಮ. ಉಳಿದೆಲ್ಲ ನಿಯಮ ಅದರ ನಂತರ.

ಸರಿ, ತಂಬಿಗೆ ಸಣ್ಣದು, ಅದಕ್ಕೇ ಹೀಗೆ. ದೊಡ್ಡ ಸರೋವರ ಆಗಿದ್ದರೆ ಗೇಟಿನ ಮಾತು ನಡೆಯುತ್ತಿತ್ತೇನೋ ಅಂದುಕೊಂಡಿದ್ದೆ. ಟೊರಾಂಟೊದಲ್ಲಿರುವ ನನ್ನ ಗೆಳೆಯ 2017ರಲ್ಲಿ ನೀರಿನಲ್ಲಿ ಮುಳುಗಿದ ಪಾರ್ಕಿನ ಫೋಟೋ ಕಳಿಸಿ, "ಇಲ್ಲೂ ಗೇಟಿನವರನ್ನೇ ಬೈಯುತ್ತಿದ್ದಾರೆ ಮಾರಾಯ" ಅಂತ ಬರೆದಿದ್ದ. ಅವನ ಊರು ಒಂಟಾರಿಯೋ ಸರೋವರದ ದಂಡೆಯಲ್ಲಿದೆ. ಅದರ ವಿಸ್ತಾರ ಸುಮಾರು 19,000 ಚದರ ಕಿಲೋಮೀಟರ್. ಇದನ್ನು ನಮ್ಮ ಅಳತೆಗೆ ಇಳಿಸಿದಾಗ ನಾನು ಲೆಕ್ಕ ತಪ್ಪಿದೆ ಅಂದುಕೊಂಡು ಎರಡು ಸಲ ಮಾಡಿದೆ. ಆ ಸರೋವರದ ಒಂದು ಸೆಂಟಿಮೀಟರ್ ಅಂದರೆ 6.7 ಟಿಎಂಸಿ. ಪುಣೆಯ ನಾಲ್ಕೂ ಅಣೆಕಟ್ಟೆಗಳನ್ನು ತುಂಬಿಸಿ ತೆಗೆದುಕೊಂಡು ಹೋಗಿ ಅದರಲ್ಲಿ ಸುರಿದರೆ ಮಟ್ಟ ಏರುವುದು ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಎರಡು ಬೆರಳ ದಪ್ಪ ಅನ್ನಿ.

ಈ ಸರೋವರಕ್ಕೂ ಬಾಗಿಲು ಇದೆ. ನೀರು ಸೇಂಟ್ ಲಾರೆನ್ಸ್ ನದಿಯಾಗಿ ಹೊರಡುವ ದಾರಿಯಲ್ಲಿ, ಕೆನಡಾ ಮತ್ತು ಅಮೆರಿಕದ ಗಡಿಯಲ್ಲಿ ಮೋಸಸ್ ಸಾಂಡರ್ಸ್ ಎಂಬ ಅಣೆಕಟ್ಟೆ. ಎಷ್ಟು ಬಿಡಬೇಕು ಎಂಬುದಕ್ಕೆ ಎರಡೂ ದೇಶ ಸೇರಿ ನಿಯಮ ಮಾಡಿಕೊಂಡಿವೆ. 'ಪ್ಲಾನ್ 2014' ಅನ್ನುವ ಹೊಸ ನಿಯಮ ಜಾರಿಗೆ ಬಂದಿದ್ದು 2017ರ ಜನವರಿಯಲ್ಲಿ. ಅದೇ ವಸಂತದಲ್ಲಿ ಮಳೆ ಸುರಿಯಿತು, ಸರೋವರ ಅಲ್ಲಿಯತನಕ ದಾಖಲೆ ಆಗದ ಮಟ್ಟಕ್ಕೆ ಏರಿತು. ಹೊಸ ಸೊಸೆ ಬಂದ ತಿಂಗಳೇ ಹಸು ಸತ್ತರೆ ಏನಂತಾರೆ? ಅದೇ ಆಯಿತು. ಎಲ್ಲ ಪ್ಲಾನ್ ಮೇಲೆ ಬಿತ್ತು. ಹಳೆಯ ನಿಯಮ ಇದ್ದಿದ್ದರೂ ಮಟ್ಟ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತಿತ್ತು ಅಂತ ಎರಡು ದೇಶಗಳ ಜಂಟಿ ಆಯೋಗ ಲೆಕ್ಕ ತೋರಿಸಿತು. ಯಾರಿಗೆ ಬೇಕು ಲೆಕ್ಕ?

ನಡೆದದ್ದು ಇಷ್ಟು. ಒಂಟಾರಿಯೋ ಕೂಡ ಒಂದು ಸರಪಳಿಯ ಕೊನೆಯ ಕೊಂಡಿ. ಅದಕ್ಕೆ ಬರುವ ನೀರಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಮೇಲಿನ ಈರಿ ಸರೋವರದಿಂದ, ನಯಾಗರಾ ಮೂಲಕ ಬರುತ್ತದೆ. ಈರಿಗೆ ಮಟ್ಟ ಹಿಡಿದಿಡುವ ಗೇಟು ಇಲ್ಲ, ಅದು ಬರೀ ಕೋಡಿ. ಇತ್ತ ಕೆಳಗೆ ಮಾಂಟ್ರಿಯಲ್ ನಗರದ ಹತ್ತಿರ ಒಟ್ಟಾವಾ ನದಿ ಬಂದು ಸೇರುತ್ತದೆ, ಆ ವರ್ಷ ಅದಕ್ಕೂ ಪ್ರವಾಹ. ಸರೋವರದ ಗೇಟು ಜಾಸ್ತಿ ತೆರೆದರೆ ಮಾಂಟ್ರಿಯಲ್ ಮುಳುಗುತ್ತದೆ, ತೆರೆಯದಿದ್ದರೆ ಟೊರಾಂಟೊ ದಂಡೆ ಮುಳುಗುತ್ತದೆ. ಒಟ್ಟಾವಾ ನದಿ ಇಳಿದ ಮೇಲೆ ಸೆಕೆಂಡಿಗೆ 10,400 ಘನ ಮೀಟರ್ ತನಕ ಬಿಟ್ಟರು, ನಮ್ಮ ಲೆಕ್ಕದಲ್ಲಿ 3.67 ಲಕ್ಷ ಕ್ಯುಸೆಕ್. ಅಷ್ಟಾದರೂ ಮಟ್ಟ ಇಳಿಯಲು ವಾರಗಟ್ಟಲೆ ಹಿಡಿಯಿತು. ಯಾಕೆಂದರೆ ವಾರದಲ್ಲಿ ಒಂದೇ ಒಂದು ಸೆಂಟಿಮೀಟರ್ ಇಳಿಸಬೇಕು ಅಂದರೆ, ಬರುವ ನೀರಿಗಿಂತ 11,000 ಕ್ಯುಸೆಕ್ ಹೆಚ್ಚಿಗೆ ಆ ಇಡೀ ವಾರ ಬಿಡುತ್ತಲೇ ಇರಬೇಕು. 2019ರಲ್ಲಿ ಆ ದಾಖಲೆಯೂ ಮುರಿಯಿತು.

ಅಂದರೆ ಸಣ್ಣ ಖಡಕವಾಸ್ಲಾದಲ್ಲಿ ಹೊಟ್ಟೆ ಸಾಲದು, ದೊಡ್ಡ ಒಂಟಾರಿಯೋದಲ್ಲಿ ಬಾಯಿ ಸಾಲದು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ತುಂಬಿಬಿಡುತ್ತದೆ, ಎರಡನೆಯದು ತಿಂಗಳಾದರೂ ಇಳಿಯುವುದಿಲ್ಲ. ಸಾಧಾರಣ ವರ್ಷಗಳಲ್ಲಿ ಎರಡೂ ಕಡೆ ಗೇಟು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮಟ್ಟದ ಏರಿಳಿತವನ್ನು ಕಡಿಮೆ ಮಾಡುತ್ತದೆ. ಅದು ಸುದ್ದಿಯಾಗುವುದಿಲ್ಲ, ಅಷ್ಟೇ.

ಈಗ ಅಫಜಲಪುರದ ಪ್ರಶ್ನೆ. ಇಲ್ಲಿ ಬಿಟ್ಟ ನೀರು ಅಲ್ಲಿಗೆ ಹೋಗುತ್ತದಾ? ಮುಠಾ ಪುಣೆಯಲ್ಲಿ ಮುಳಾ ಸೇರಿ ಮುಳಾಮುಠಾ ಆಗುತ್ತದೆ, ಮುಂದೆ ಭೀಮೆಗೆ ಸೇರುತ್ತದೆ, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಕಡೆ ಹೋಗುತ್ತದೆ. ದಾರಿಯೇನೋ ಸರಿ. ಆದರೆ ನಡುವೆ, ಭೀಮೆಗೆ ಅಡ್ಡವಾಗಿ, ಉಜನಿ ಅಣೆಕಟ್ಟೆ ಕೂತಿದೆ.

ಉಜನಿಯ ಒಟ್ಟು ಸಂಗ್ರಹ 117 ಟಿಎಂಸಿ. ಅದರಲ್ಲಿ ಬಳಕೆಗೆ ಬರುವುದು 53.57. ಉಳಿದ 63 ಚಿಲ್ಲರೆ ಟಿಎಂಸಿ ತೂಬಿನ ಕೆಳಗಿನ ನೀರು, ಡೆಡ್ ಸ್ಟೋರೇಜ್ ಅನ್ನುತ್ತಾರೆ. ಪರ್ಸೆಂಟ್ ಹೇಳುವಾಗ ಈ 53.57ರ ಮೇಲೆ ಮಾತ್ರ ಹೇಳುವುದರಿಂದ ಒಂದು ವಿಚಿತ್ರ ಆಗುತ್ತದೆ. ಬೇಸಿಗೆಯಲ್ಲಿ ಉಜನಿ 'ಮೈನಸ್'ಗೆ ಇಳಿಯುತ್ತದೆ. 2024ರ ಬೇಸಿಗೆಯಲ್ಲಿ ಮೈನಸ್ 50ಕ್ಕಿಂತಲೂ ಕೆಳಗೆ ಹೋಗಿತ್ತು. ಮೈನಸ್ ಅಂದರೆ ನೀರಿಲ್ಲ ಅಂತಲ್ಲ, ತೂಬಿಗೆ ಸಿಗದ ನೀರನ್ನು ಪಂಪು ಹಾಕಿ ಎತ್ತುವುದು, ಬಿಸಿಲು ಕುಡಿಯುವುದು ನಡೆದಿದೆ ಅಂತ. ಉಜನಿ ಹರಿವಾಣದ ಹಾಗೆ ಅಗಲ, ಬಿಸಿಲಿಗೆ ಮೈ ಜಾಸ್ತಿ. ನೀರು ತೀರಾ ಇಳಿದಾಗ ಮುಳುಗಿದ್ದ ಪಳಸದೇವದ ಹಳೆಯ ಗುಡಿ ಪೂರ್ತಿ ಹೊರಗೆ ಬರುತ್ತದೆ. ನೋಡಲು ಜನ ದೋಣಿಯಲ್ಲಿ ಹೋಗುತ್ತಾರೆ. ಗುಡಿ ಚೆಂದ, ಕಾಲ ಕೆಟ್ಟದು.

ಇಂಥ ಉಜನಿಗೆ ಜುಲೈನಲ್ಲಿ ನಮ್ಮ 35,000 ಕ್ಯುಸೆಕ್ ಒಂದು ದಿನ ಹೋಯಿತು ಅನ್ನಿ. ಮೂರು ಟಿಎಂಸಿ. ಮೈನಸ್‌ನಲ್ಲಿ ಬಿದ್ದಿರುವ ಉಜನಿ ಅದನ್ನು ನುಂಗಿ ಸುಮ್ಮನೆ ಕೂರುತ್ತದೆ. ಅಫಜಲಪುರಕ್ಕೆ ಅದರ ಒಂದು ತಂಬಿಗೆಯೂ ಮುಟ್ಟುವುದಿಲ್ಲ. ಅದೇ ಮೂರು ಟಿಎಂಸಿ ಸೆಪ್ಟೆಂಬರ್‌ನಲ್ಲಿ, ಉಜನಿ ತುಂಬಿ ತುಳುಕುವಾಗ ಹೋದರೆ ಬೇರೆಯೇ ಕಥೆ. ಒಂದು ಕಡೆಯಿಂದ ಬಂದದ್ದು ಇನ್ನೊಂದು ಕಡೆಯಿಂದ ಹೊರಗೆ. ಇಲ್ಲಿ ಗೇಟು ಎತ್ತಿದ ಎತ್ತರ ಎರಡು ಸಲವೂ ಒಂದೇ. ಅಲ್ಲಿ ಒಂದು ಸಲ ಹೊಳೆ ತಣ್ಣಗಿರುತ್ತದೆ, ಇನ್ನೊಂದು ಸಲ ತೊಗರಿ ಹೊಲ ಮುಳುಗುತ್ತದೆ.

ಅದೂ ಅರ್ಧ ಲೆಕ್ಕ. ಉಜನಿಯ ಕೆಳಗೆ ನೀರಾ ನದಿ ಬಂದು ಭೀಮೆಗೆ ಸೇರುತ್ತದೆ, ಇನ್ನೂ ಕೆಳಗೆ ಸೀನಾ. ಉಜನಿಯ ಗೇಟು ಪೂರ್ತಿ ಹಾಕಿದ್ದರೂ ಇವೆರಡು ಉಕ್ಕಿದರೆ ಭೀಮೆ ಉಕ್ಕುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸೊಲ್ಲಾಪುರ ಜಿಲ್ಲೆಯಲ್ಲಿ ಸೀನಾ ಮಾಡಿದ ಅನಾಹುತ ಎಲ್ಲರಿಗೂ ನೆನಪಿದೆ. ಪುಣೆಯ ಗೇಟಿಗೂ ಆ ನದಿಗೂ ಸಂಬಂಧವೇ ಇಲ್ಲ, ಅದು ಅಹಿಲ್ಯಾನಗರ ಜಿಲ್ಲೆಯ ಕಡೆಯಿಂದ ಬರುವ ನೀರು.

ಇದನ್ನೆಲ್ಲ ಹೆಂಡತಿಯ ಅಣ್ಣನಿಗೆ ಕಳೆದ ದೀಪಾವಳಿಯಲ್ಲಿ, ಊಟ ಆದ ಮೇಲೆ, ತಾಟು, ತಂಬಿಗೆ, ಲೋಟ ಇಟ್ಟು ತೋರಿಸಿದೆ. ಮಾತಾಡದೆ ಕೇಳಿದರು. "ಅಂದ್ರ ನಿಮ್ಮ ತಪ್ಪು ಏನೂ ಇಲ್ಲ ಅಂತೀರಿ," ಅಂದರು. ಜುಲೈನಲ್ಲಿ ಇಲ್ಲ, ಸೆಪ್ಟೆಂಬರ್‌ನಲ್ಲಿ ಸ್ವಲ್ಪ ಇರಬಹುದು ಅಂದೆ. ನಕ್ಕರು.

ಈ ಸಲ ಮಳೆ ಹಿಡಿದ ಮೇಲೂ ಫೋನ್ ಬಂತು. ಪುಣೆಯ ಸುದ್ದಿ ಎತ್ತಲೇ ಇಲ್ಲ. "ಉಜನಿ ಎಷ್ಟು ಪರ್ಸೆಂಟ್ ಅದ ಹೇಳ್ರಿ. ಮತ್ತ ನೀರಾ ಹೊಳ್ಯಾಗ ಎಷ್ಟು ಬಿಟ್ಟಾರ, ಅದೂ ನೋಡ್ರಿ," ಅಂದರು. ಕೆಳಗಿನ ಹೊಲದಲ್ಲಿ ಪಂಪ್‌ಸೆಟ್ ಇದೆಯಂತೆ, ಅದನ್ನು ಮೇಲೆ ತರಬೇಕೋ ಬೇಡವೋ ಅಂತ ನೋಡುತ್ತಿದ್ದರು.